112, 108, 1912: ಮಲೆನಾಡಿನ ಮನೆಯಿಂದ ಸರಿಯಾಗಿ ಕರೆ ಮಾಡುವ ಸಮಗ್ರ ಮಾರ್ಗದರ್ಶಿ

‘ನಂಬರ್ ಒತ್ತಿದೆವು, ಯಾರೋ ಎತ್ತಿದರು, ಆದರೆ ಗಾಡಿ ಬರಲೇ ಇಲ್ಲ.’ ಮಳೆಗಾಲ ಶುರುವಾದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಓದುಗರು ಮತ್ತೆ ಮತ್ತೆ ಹೇಳುವ ಮಾತು ಇದು. ಇನ್ನು ಕೆಲವರದ್ದು ಬೇರೆ ದೂರು: ಕರೆಂಟಿನ ದೂರಿಗೆ 1912 ಒತ್ತಿದರೆ ಬೇರೆ ಜಿಲ್ಲೆಯವರು ಎತ್ತುತ್ತಾರೆ, ಬೆಂಗಳೂರಿನಲ್ಲಿರುವ ಮಗ ಊರಿನ ಪರವಾಗಿ ಕರೆ ಮಾಡಿದರೆ ಬೆಂಗಳೂರಿನ ಕಚೇರಿಗೇ ಹೋಗುತ್ತದೆ.

ನಂಬರ್ ಎಲ್ಲರಿಗೂ ಗೊತ್ತಿದೆ. ಸೋಲುತ್ತಿರುವುದು ಎರಡೇ ಕಡೆ. ಕರೆ ಯಾರ ಕೈಗೆ ಹೋಗುತ್ತದೆ ಅನ್ನುವುದು ತಿಳಿಯದೆ ಇರುವುದು ಒಂದು. ಎತ್ತಿದವರಿಗೆ ನಮ್ಮ ಮನೆ ಎಲ್ಲಿದೆ ಅಂತ ಹೇಳಲು ಬರದಿರುವುದು ಇನ್ನೊಂದು. ಒಂಟಿ ಮನೆ, ತೋಟದ ನಡುವೆ ಮಣ್ಣು ದಾರಿ, ಅರ್ಧ ಕಡ್ಡಿ ಸಿಗ್ನಲ್ ಇರುವ ನಮ್ಮ ಕಡೆಗೆ ಈ ಎರಡೂ ಪೇಟೆಗಿಂತ ಜಾಸ್ತಿ ಮುಖ್ಯ. ಅದಕ್ಕೇ ಕೆಳಗೆ 3ನೇ ಮತ್ತು 5ನೇ ಹಂತಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಶುರು ಮಾಡುವ ಮೊದಲು ಇವನ್ನು ಕೈಗೆ ತೆಗೆದುಕೊಳ್ಳಿ: ಮನೆಯಲ್ಲಿರುವ ಎಲ್ಲ ಫೋನ್‌ಗಳು, ಒಂದು ವಿದ್ಯುತ್ ಬಿಲ್, ದಪ್ಪ ಅಕ್ಷರ ಬರುವ ಮಾರ್ಕರ್ ಪೆನ್, ಒಂದು ಗಟ್ಟಿ ಹಾಳೆ. ಬ್ಯಾಟರಿ ಒಳ್ಳೆಯದಿರುವ ಟಾರ್ಚ್ ಮತ್ತು ಚಾರ್ಜ್ ಆಗಿರುವ ಪವರ್ ಬ್ಯಾಂಕ್ ಮಳೆಗಾಲದ ಉದ್ದಕ್ಕೂ ಇರಲಿ.

ಹಂತ 1: ಯಾವ ತೊಂದರೆಗೆ ಯಾವ ನಂಬರ್

ಜೀವಕ್ಕೆ ಅಪಾಯ ಇದ್ದು, ಯಾವ ನಂಬರ್ ಅಂತ ನೆನಪಾಗದಿದ್ದರೆ 112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಇದೊಂದೇ ಸಾಕು. ಮನೆಯ ಮಕ್ಕಳಿಗೆ ಇದೊಂದನ್ನೇ ಕಲಿಸಿ. ಹತ್ತು ನಂಬರ್ ಕಲಿಸಿದರೆ ಬೇಕಾದ ಹೊತ್ತಿಗೆ ಒಂದೂ ನೆನಪಿಗೆ ಬರುವುದಿಲ್ಲ.

ಕಾಯಿಲೆ, ಅಪಘಾತ, ಹಾವು ಕಡಿತ, ಹೆರಿಗೆ ನೋವು ಎಂದಾದರೆ ನೇರವಾಗಿ 108. ಇದು ನಮ್ಮ ರಾಜ್ಯದ ಆರೋಗ್ಯ ಕವಚ ಆಂಬುಲೆನ್ಸ್. ಬೆಂಕಿಗೆ 101.

104 ಬೇರೆಯೇ ಕೆಲಸಕ್ಕೆ. ಅದು ಆರೋಗ್ಯದ ಸಲಹೆ ಕೇಳುವ ನಂಬರ್, ಅಲ್ಲಿಂದ ಗಾಡಿಯನ್ನು ನಿರೀಕ್ಷಿಸಬೇಡಿ. ಎರಡು ದಿನದ ಜ್ವರಕ್ಕೆ ಆಸ್ಪತ್ರೆಗೆ ಹೋಗಬೇಕಾ ಬೇಡವಾ ಅನ್ನುವಂಥ ಅನುಮಾನಕ್ಕೆ ಅದು ಸರಿ. ಬೇಸಿಗೆಯಲ್ಲಿ ಕಾಡಿಗೆ ಸೊಪ್ಪು, ದರಗಿಗೆ ಹೋಗಿ ಬಂದವರಿಗೆ ಜೋರು ಜ್ವರ ಬಂದರೆ ಮಂಗನ ಕಾಯಿಲೆ ಇರಬಹುದು. ‘ಕಾಡಿಗೆ ಹೋಗಿದ್ದೆವು, ಉಣುಗು (ಉಣ್ಣೆ) ಕಚ್ಚಿತ್ತು’ ಅನ್ನುವುದನ್ನು ಮೊದಲ ಮಾತಿನಲ್ಲೇ ಹೇಳಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ.

ಮಕ್ಕಳಿಗೆ ಹಿಂಸೆ ಆಗುತ್ತಿದ್ದರೆ 1098. ಹೆಣ್ಣುಮಕ್ಕಳ ಸಹಾಯವಾಣಿ 181. ಹಿರಿಯರಿಗೆ 14567, ಇದು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ. ಮನಸ್ಸು ತೀರಾ ಕುಸಿದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಟೆಲಿ ಮಾನಸ್ 14416, ಹಗಲು ರಾತ್ರಿ ಎರಡೂ ಹೊತ್ತು ಸಿಗುತ್ತದೆ. ಒಂಟಿ ಮನೆಗಳಲ್ಲಿ ಒಬ್ಬರೇ ಇರುವ ವಯಸ್ಸಾದವರು ಈಗ ತುಂಬ ಜನ. ಅವರ ಫೋನಿನಲ್ಲಿ ಈ ಕೊನೆಯ ಎರಡನ್ನು ಇವತ್ತೇ ಸೇವ್ ಮಾಡಿಕೊಡಿ.

ಧರೆ ಕುಸಿತ, ಹಳ್ಳ ಉಕ್ಕಿ ದಾರಿ ಮುಚ್ಚಿದರೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077. ಕರೆಂಟಿಗೆ 1912. ಅಡುಗೆ ಗ್ಯಾಸ್ ಸೋರಿದರೆ 1906. ಆನೆ, ಕಾಟಿ (ಕಾಡುಕೋಣ) ತೋಟಕ್ಕೆ ನುಗ್ಗಿದರೆ ಅರಣ್ಯ ಇಲಾಖೆಯ 1926. ದನಕರುಗಳ ಚಿಕಿತ್ಸೆಗೆ 1962. ರೈಲಿನಲ್ಲಿ ತೊಂದರೆಯಾದರೆ 139. ಆನ್‌ಲೈನ್‌ನಲ್ಲಿ ಹಣ ಹೋದರೆ 1930. ಸರ್ಕಾರಿ ಕಚೇರಿಯಲ್ಲಿ ಕೆಲಸ ಆಗದಿದ್ದರೆ 1902.

ಇವುಗಳಲ್ಲಿ ಯಾವುದು ಗಾಡಿ ಕಳಿಸುತ್ತದೆ, ಯಾವುದು ದೂರು ಮಾತ್ರ ಬರೆದುಕೊಳ್ಳುತ್ತದೆ ಅನ್ನುವುದು ತಲೆಯಲ್ಲಿರಲಿ. ತೋಟಕ್ಕೆ ಬೆಂಕಿ ಬಿದ್ದಾಗ 1902ಕ್ಕೆ ಕರೆ ಮಾಡಿ ಕಾಯುವುದರಿಂದ ಏನೂ ಆಗುವುದಿಲ್ಲ.

ಹಂತ 2: ಒತ್ತುವ ಕ್ರಮ

ಈ ನಂಬರ್‌ಗಳೆಲ್ಲ 1ರಿಂದಲೇ ಶುರುವಾಗುತ್ತವೆ, ಗಮನಿಸಿದ್ದೀರಾ? ನಮ್ಮ ದೇಶದಲ್ಲಿ 1ರಿಂದ ಶುರುವಾಗುವ ಚಿಕ್ಕ ನಂಬರ್‌ಗಳನ್ನು ವಿಶೇಷ ಸೇವೆಗಳಿಗೇ ಮೀಸಲಿಟ್ಟಿದ್ದಾರೆ. ಹಾಗಾಗಿ ಮುಂದೆ 0 ಬೇಡ, +91 ಬೇಡ, ಎಸ್‌ಟಿಡಿ ಕೋಡ್ ಬೇಡ. ಇದ್ದಷ್ಟೇ ಅಂಕಿ ಒತ್ತಿ, ಹಸಿರು ಗುಂಡಿ ಒತ್ತಿ.

ತಪ್ಪುವುದು ಸೇವ್ ಮಾಡುವಾಗ. ಕೆಲವು ಫೋನ್‌ಗಳು ಸೇವ್ ಮಾಡಿದ ನಂಬರ್ ಮುಂದೆ ತಾವೇ +91 ಸೇರಿಸುತ್ತವೆ. ಆಮೇಲೆ ಆ ಹೆಸರನ್ನು ಮುಟ್ಟಿದರೆ ‘ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ’ ಎಂದು ಬರುತ್ತದೆ. ಸೇವ್ ಮಾಡಿದ ಮೇಲೆ ಒಮ್ಮೆ ತೆರೆದು ನೋಡಿ. ಬರೀ ಮೂರು, ನಾಲ್ಕು ಅಥವಾ ಐದು ಅಂಕಿ ಇರಬೇಕು, ಅಷ್ಟೇ.

ಲ್ಯಾಂಡ್‌ಲೈನ್ ಇರುವವರಿಗೆ ಇನ್ನೊಂದು ಗೊಂದಲ. 2021ರ ಜನವರಿಯಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲಿಗೆ ಕರೆ ಮಾಡುವಾಗ ಮುಂದೆ 0 ಒತ್ತಬೇಕು. ಆ ರೂಢಿಯಲ್ಲೇ 0108, 0112 ಎಂದು ಒತ್ತುವವರಿದ್ದಾರೆ. ಅದು ಹೋಗುವುದಿಲ್ಲ. 0 ಬೇಕಿರುವುದು ಹತ್ತು ಅಂಕಿಯ ಮೊಬೈಲ್ ನಂಬರಿಗೆ ಮಾತ್ರ.

ವಾಟ್ಸಾಪ್ ಕರೆಯಲ್ಲಿ ಈ ನಂಬರ್‌ಗಳು ಸಿಗುವುದಿಲ್ಲ. ಫೋನಿನ ಸಾಮಾನ್ಯ ಕರೆಯಲ್ಲೇ ಹೋಗಬೇಕು. ಊರಿನಲ್ಲಿ ಎಲ್ಲರ ಜೊತೆಗೂ ವಾಟ್ಸಾಪ್‌ನಲ್ಲೇ ಮಾತಾಡಿ ಅಭ್ಯಾಸವಾದ ಹಿರಿಯರಿಗೆ ಇದನ್ನು ಕೈ ಹಿಡಿದು ತೋರಿಸಬೇಕು.

ಟಚ್ ಫೋನಿನಲ್ಲಿ ಇನ್ನೊಂದು ತೊಡಕು ಇದೆ. ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎನ್ನುವ ಹೊತ್ತಿಗೆ ಪರದೆ ಕಪ್ಪಾಗಿರುತ್ತದೆ, ಅಂಕಿಗಳು ಎಲ್ಲಿವೆ ಅಂತ ಕಾಣುವುದಿಲ್ಲ. ಕರೆ ಹೋದ ಕೂಡಲೇ ಸ್ಪೀಕರ್ ಹಾಕಿ, ಫೋನನ್ನು ಕಿವಿಯಿಂದ ದೂರ ಹಿಡಿಯಿರಿ, ‘ಕೀಪ್ಯಾಡ್’ ಗುರುತು ಮುಟ್ಟಿ. ಆಗ ಅಂಕಿಗಳು ಬರುತ್ತವೆ.

ಬೇರೆಯವರ ಫೋನ್ ಲಾಕ್ ಆಗಿದ್ದರೆ ಪಾಸ್‌ವರ್ಡ್ ಕೇಳುತ್ತಾ ಕೂರಬೇಡಿ. ಲಾಕ್ ಪರದೆಯ ಮೇಲೇ ‘ತುರ್ತು ಕರೆ’ ಅಂತ ಇರುತ್ತದೆ. ಅದನ್ನು ಮುಟ್ಟಿ 112 ಒತ್ತಿ. ಮೊಬೈಲುಗಳಲ್ಲಿ ಪ್ಯಾನಿಕ್ ಬಟನ್ ಕೂಡ ಇರುತ್ತದೆ: ಸ್ಮಾರ್ಟ್‌ಫೋನ್‌ಗಳಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಮೂರು ಸಲ, ಕೆಲವು ಹೊಸ ಫೋನ್‌ಗಳಲ್ಲಿ ಐದು ಸಲ ಒತ್ತಬೇಕು. ಗುಂಡಿ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯಬೇಕು. ನಿಮ್ಮ ಫೋನಿನಲ್ಲಿ ಯಾವುದು ಅಂತ ಸೆಟ್ಟಿಂಗ್ಸ್‌ನಲ್ಲಿ ಈಗಲೇ ನೋಡಿಟ್ಟುಕೊಳ್ಳಿ.

ಮಕ್ಕಳ ಕೈಯಿಂದ ತಪ್ಪಿ 112 ಹೋದರೆ ಗಾಬರಿಯಾಗಿ ಕಟ್ ಮಾಡಬೇಡಿ. ‘ತಪ್ಪಿ ಬಂತು, ಇಲ್ಲಿ ಏನೂ ತೊಂದರೆ ಇಲ್ಲ’ ಎಂದು ಹೇಳಿ ಇಡಿ. ಸುಮ್ನೆ ಕಟ್ ಮಾಡಿದರೆ ಅವರು ವಾಪಸ್ ಕರೆ ಮಾಡಿ ವಿಚಾರಿಸಬೇಕಾಗುತ್ತದೆ.

ಹಂತ 3: ಕರೆ ಯಾರ ಕೈಗೆ ಹೋಗುತ್ತದೆ, ತಿಳಿದುಕೊಳ್ಳಿ

ಹತ್ತು ಅಂಕಿಯ ನಂಬರ್ ಒತ್ತಿದರೆ ದೇಶದ ಯಾವ ಮೂಲೆಯಿಂದಲಾದರೂ ಅದೇ ಫೋನಿಗೆ ಹೋಗುತ್ತದೆ. ಚಿಕ್ಕ ನಂಬರ್ ಹಾಗಲ್ಲ. ನೀವು ಯಾವ ಟವರಿನ ಕೆಳಗೆ ನಿಂತಿದ್ದೀರಿ ಅನ್ನುವುದನ್ನು ನೋಡಿ ಮೊಬೈಲ್ ಕಂಪನಿಯವರು ಅದನ್ನು ಆ ಭಾಗದ ಕೇಂದ್ರಕ್ಕೆ ತಿರುಗಿಸುತ್ತಾರೆ. ನಿಮ್ಮ ಸಿಮ್ ಎಲ್ಲಿಯದು, ಆಧಾರ್ ವಿಳಾಸ ಯಾವುದು, ಅದು ಲೆಕ್ಕಕ್ಕಿಲ್ಲ.

ಇದರಿಂದ ಮಲೆನಾಡಿನಲ್ಲಿ ಆಗುವ ಎಡವಟ್ಟು ಕರೆಂಟಿನ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಈ ನಾಲ್ಕು ಜಿಲ್ಲೆಗೆ ಕರೆಂಟ್ ಕೊಡುವ ಕಂಪನಿ ಮೆಸ್ಕಾಂ. ಪಕ್ಕದ ಉತ್ತರ ಕನ್ನಡ ಹೆಸ್ಕಾಂ. ಆ ಕಡೆ ದಾವಣಗೆರೆ ಬೆಸ್ಕಾಂ. ಹಾಸನ, ಕೊಡಗು ಸೆಸ್ಕ್. ಎಲ್ಲರದ್ದೂ 1912ವೇ. ಸೊರಬದ ಅಂಚಿನಲ್ಲಿ ಸಿದ್ದಾಪುರದ ಕಡೆಯ ಟವರ್ ಸಿಕ್ಕಿದರೆ ಕರೆ ಹೆಸ್ಕಾಂಗೆ ಹೋಗಬಹುದು. ಭದ್ರಾವತಿಯ ಚನ್ನಗಿರಿ ಗಡಿಯಲ್ಲಿ ಬೆಸ್ಕಾಂ ಸಿಗಬಹುದು. ಎತ್ತಿದವರು ‘ನಿಮ್ಮ ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ನಿಮ್ಮ ಸಂಪರ್ಕದ ನಂಬರ್) ನಮ್ಮಲ್ಲಿ ಇಲ್ಲ’ ಎಂದರೆ ಅವರದ್ದೇನೂ ತಪ್ಪಿಲ್ಲ, ನಿಮ್ಮದೂ ಇಲ್ಲ.

ಹಾಗಾಗಿ 1912 ಎತ್ತಿದ ಕೂಡಲೇ ಮೊದಲು ಕೇಳಬೇಕಾದ್ದು: ‘ಇದು ಮೆಸ್ಕಾಂ ಅಲ್ವಾ?’ ಅಲ್ಲ ಎಂದರೆ ಕಥೆ ಹೇಳುತ್ತಾ ಹೊತ್ತು ಕಳೆಯಬೇಡಿ. ಫೋನಿನಲ್ಲಿ ಇನ್ನೊಂದು ಸಿಮ್ ಇದ್ದರೆ ಅದರಿಂದ ಒತ್ತಿ. ಬೇರೆ ಕಂಪನಿಯ ಟವರ್ ಬೇರೆ ಗುಡ್ಡದ ಮೇಲಿರುತ್ತದೆ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಅದೂ ಆಗದಿದ್ದರೆ ನಿಮ್ಮ ಸೆಕ್ಷನ್ ಆಫೀಸಿನ ಪೂರ್ತಿ ನಂಬರಿಗೆ ಮಾಡಿ. ಅದನ್ನು ಮೊದಲೇ ಬರೆದಿಟ್ಟಿರಬೇಕು, 9ನೇ ಹಂತದಲ್ಲಿ ಅದಕ್ಕೆ ಬರುತ್ತೇನೆ.

ಘಟ್ಟದ ಅಂಚಿನವರು ಇನ್ನೂ ಹುಷಾರಾಗಿರಬೇಕು. ಆಗುಂಬೆ ಘಾಟಿಯ ತಿರುವುಗಳಲ್ಲಿ, ಹುಲಿಕಲ್ ಘಾಟಿಯಲ್ಲಿ ಕೆಳಗಿನ ಉಡುಪಿ ಜಿಲ್ಲೆಯ ಟವರ್ ಸಿಗುವುದು ಮಾಮೂಲು. ಆಗ 1077 ಒತ್ತಿದರೆ ಉಡುಪಿಯ ಕೊಠಡಿಗೆ ಹೋಗಬಹುದು. ಅಲ್ಲಿ ‘ಘಾಟಿಯಲ್ಲಿ ಮರ ಬಿದ್ದಿದೆ’ ಎಂದಷ್ಟೇ ಹೇಳಿದರೆ ಯಾವ ಘಾಟಿ, ಮೇಲೋ ಕೆಳಗೋ ಅಂತ ಅವರಿಗೆ ತಿಳಿಯುವುದಿಲ್ಲ. ‘ನಾನು ಶಿವಮೊಗ್ಗ ಜಿಲ್ಲೆಯ ಕಡೆ ಇದ್ದೇನೆ’ ಎಂದು ಮೊದಲೇ ಹೇಳಿ.

ಈಗ ದೂರದ ಊರಿನಿಂದ ಕರೆ ಮಾಡುವವರ ವಿಷಯ. 112 ಮತ್ತು 108ಕ್ಕೆ ರಾಜ್ಯಕ್ಕೇ ಒಂದು ವ್ಯವಸ್ಥೆ ಇದೆ. ಬೆಂಗಳೂರಿನಲ್ಲಿರುವ ಮಗಳು ಅಲ್ಲಿಂದಲೇ ಒತ್ತಿ, ‘ತೊಂದರೆ ಆಗಿರುವುದು ಇಲ್ಲಲ್ಲ, ಶಿವಮೊಗ್ಗ ಜಿಲ್ಲೆಯಲ್ಲಿ, ಅಪ್ಪ ಒಬ್ಬರೇ ಇದ್ದಾರೆ’ ಎಂದು ಹೇಳಿದರೆ ಕೆಲಸ ಆಗುತ್ತದೆ. ಈ ವಾಕ್ಯ ಮೊದಲು ಬರಬೇಕು. ಇಲ್ಲದಿದ್ದರೆ ಎತ್ತಿದವರು ಟವರ್ ನೋಡಿ ನೀವು ಬೆಂಗಳೂರಿನಲ್ಲೇ ಇದ್ದೀರಿ ಅಂದುಕೊಳ್ಳುತ್ತಾರೆ. ಆದರೆ ಅದೇ ಮಗಳು ಪುಣೆಯಲ್ಲೋ ಹೈದರಾಬಾದಿನಲ್ಲೋ ಇದ್ದರೆ ಕರೆ ಆ ರಾಜ್ಯಕ್ಕೆ ಹೋಗುತ್ತದೆ. ಆಗ ಊರಿನ ಪಕ್ಕದ ಮನೆಯವರಿಗೆ ಫೋನ್ ಮಾಡಿ ಅವರಿಂದ 108 ಒತ್ತಿಸುವುದೇ ಬೇಗ.

1912ಕ್ಕೆ ಬೆಂಗಳೂರಿನಿಂದ ಮಾಡಿದರೆ ಬೆಸ್ಕಾಂ ಎತ್ತುತ್ತದೆ, ಊರಿನ ಕರೆಂಟಿಗೆ ಅದು ಪ್ರಯೋಜನ ಇಲ್ಲ. 1077 ಮಾತ್ರ ಎಸ್‌ಟಿಡಿ ಕೋಡ್ ಹಾಕಿ ಮಾಡುವಂಥದ್ದು. ಹೊರಗಿನ ಊರಿನಿಂದ ಶಿವಮೊಗ್ಗದ ಕೊಠಡಿಗೆ 08182 ಸೇರಿಸಿ, ಅಂದರೆ 081821077 ಎಂದು ಒತ್ತಿ. ಚಿಕ್ಕಮಗಳೂರಿಗೆ 08262. ‘ಮುಂದೆ ಏನೂ ಸೇರಿಸಬೇಡಿ’ ಎಂದು 2ನೇ ಹಂತದಲ್ಲಿ ಹೇಳಿದ್ದಕ್ಕೆ ಇದೊಂದು ವಿನಾಯಿತಿ. ಜಿಲ್ಲೆಯ ಒಳಗೇ ಇದ್ದರೆ ಬರೀ 1077.

ಹಂತ 4: ಸಿಗ್ನಲ್ ಇಲ್ಲದ ಜಾಗದಲ್ಲಿ

ಪರದೆಯ ಮೇಲೆ ‘ತುರ್ತು ಕರೆಗಳು ಮಾತ್ರ’ ಎಂದು ಬಂದರೆ ಕೈಚೆಲ್ಲಬೇಡಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲ, ಬೇರೆ ಯಾವುದೋ ಕಂಪನಿಯದು ಇದೆ ಎಂದು ಅದರ ಅರ್ಥ. ಆಗ 112 ಒತ್ತಿ ನೋಡಿ, ಫೋನ್ ಆ ಬೇರೆ ಟವರಿನ ಮೂಲಕ ಕಳಿಸಲು ಪ್ರಯತ್ನ ಮಾಡುತ್ತದೆ. 108, 1912ಕ್ಕೆ ಈ ಅನುಕೂಲವನ್ನು ನಂಬಬೇಡಿ. ‘ನೋ ಸರ್ವಿಸ್’ ಎಂದು ಬಂದರೆ ಯಾವ ಟವರೂ ಇಲ್ಲ, ಜಾಗ ಬದಲಿಸಲೇಬೇಕು.

ಜಾಗ ಬದಲಿಸುವುದೆಂದರೆ ಎಲ್ಲಿಗೆ? ಇದನ್ನು ರಾತ್ರಿ ಹನ್ನೆರಡಕ್ಕೆ ಹುಡುಕುವುದಲ್ಲ. ಹಗಲು ಹೊತ್ತಿನಲ್ಲಿ ಪ್ರತಿ ಸಿಮ್ಮಿಗೂ ಒಂದೊಂದು ಜಾಗ ಗೊತ್ತು ಮಾಡಿಟ್ಟುಕೊಳ್ಳಿ. ಅಂಗಳದ ಮೂಲೆ, ಬೇಣದ ಮೇಲೆ, ಬಸ್ ಸ್ಟಾಪಿನ ಹತ್ತಿರ, ಎಲ್ಲಿಯಾದರೂ ಸರಿ. ಮನೆಯ ಎಲ್ಲರಿಗೂ ಆ ಜಾಗ ತಿಳಿದಿರಬೇಕು. ಕರೆಂಟ್ ಹೋಗಿ ಬಹಳ ಹೊತ್ತಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ, ನಿನ್ನೆ ಸಿಕ್ಕಿದ ಸಿಗ್ನಲ್ ಇವತ್ತು ಸಿಗದಿರಬಹುದು. ಹಾಗಾಗಿ ಜೋರು ಮಳೆಯ ದಿನ ಕರೆಂಟ್ ಹೋದ ಕೂಡಲೇ 1912ಕ್ಕೆ ಹೇಳಿಬಿಡಿ, ಸಂಜೆಗೆ ನೋಡೋಣ ಅನ್ನಬೇಡಿ.

ಮನೆಗೆ ಫೈಬರ್ ಇಂಟರ್ನೆಟ್ ಇದ್ದು ವೈಫೈ ಕಾಲಿಂಗ್ ಬಳಸುವವರಿಗೆ ಒಂದು ಎಚ್ಚರಿಕೆ. ವೈಫೈ ಮೇಲೆ ಹೋಗುವ ಕರೆಯಲ್ಲಿ ನೀವು ಎಲ್ಲಿದ್ದೀರಿ ಅನ್ನುವ ಗುರುತು ಸರಿಯಾಗಿ ಹೋಗದಿರಬಹುದು. ಕರೆ ಸಿಕ್ಕಿದರೂ ವಿಳಾಸವನ್ನು ಬಾಯಲ್ಲಿ ಪೂರ್ತಿ ಹೇಳಲೇಬೇಕು. ಕರೆಂಟ್ ಹೋದರೆ ವೈಫೈ ಕೂಡ ಹೋಗುತ್ತದೆ ಅನ್ನುವುದು ಬೇರೆ ಮಾತು.

ಊರಿನಲ್ಲಿ ಸಿಗ್ನಲ್ ಸತತವಾಗಿ ಕೆಟ್ಟಿದ್ದರೆ ನಿಮ್ಮ ಕಂಪನಿಯ ದೂರಿನ ನಂಬರ್ 198. ದೂರು ಕೊಟ್ಟು ಡಾಕೆಟ್ ನಂಬರ್ (ನಿಮ್ಮ ದೂರಿನ ಗುರುತಿನ ನಂಬರ್) ತೆಗೆದುಕೊಳ್ಳಿ. ಫೋನಿನಿಂದ ಚಿಕ್ಕ ನಂಬರ್ ಹೋಗುತ್ತದಾ ಅಂತ ಪರೀಕ್ಷೆ ಮಾಡುವುದಿದ್ದರೂ 198ಕ್ಕೇ ಮಾಡಿ. 112, 108ಕ್ಕೆ ಪರೀಕ್ಷೆಗಾಗಿ ಕರೆ ಮಾಡುವುದು ಬೇಡವೇ ಬೇಡ. ಆ ಹೊತ್ತಿನಲ್ಲಿ ಇನ್ನೊಬ್ಬರ ಕರೆ ಕಾಯುತ್ತಿರುತ್ತದೆ.

ಹಂತ 5: ಜಾಗ ಹೇಳುವ ಕ್ರಮ

ಫೋನ್ ಎತ್ತಿದವರು ನಮ್ಮ ಊರನ್ನು ನೋಡಿದವರಲ್ಲ. ಅವರಿಗೆ ‘ಶೀನಣ್ಣನ ಅಂಗಡಿ ದಾಟಿ ಎಡಕ್ಕೆ’ ಎಂದರೆ ಏನೂ ತಿಳಿಯುವುದಿಲ್ಲ. ದೊಡ್ಡದರಿಂದ ಚಿಕ್ಕದಕ್ಕೆ ಬನ್ನಿ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಪಂಚಾಯಿತಿ, ಊರು, ಮನೆಯ ಹೆಸರು. ಈ ಕ್ರಮ ತಪ್ಪಿದರೆ ತೊಂದರೆ ಶುರು.

ಯಾಕೆ ಅಂದರೆ ಒಂದೇ ಹೆಸರಿನ ಊರುಗಳು ರಾಜ್ಯದಲ್ಲಿ ಎಷ್ಟೋ ಇವೆ. ಹೊಸನಗರ ತಾಲ್ಲೂಕಿನ ನಗರದವರು ‘ನಗರದಿಂದ ಮಾತಾಡ್ತಿದ್ದೇನೆ’ ಎಂದರೆ ಕೇಳಿದವರು ‘ಯಾವ ನಗರ, ಶಿವಮೊಗ್ಗ ನಗರವಾ?’ ಅಂದುಕೊಳ್ಳುತ್ತಾರೆ. ‘ಶಿವಮೊಗ್ಗ ಜಿಲ್ಲೆ, ಹೊಸನಗರ ತಾಲ್ಲೂಕು, ನಗರ ಹೋಬಳಿ’ ಎಂದರೆ ಗೊಂದಲಕ್ಕೆ ಜಾಗವೇ ಇಲ್ಲ. ಸಾಗರ ತಾಲ್ಲೂಕಿನಲ್ಲಿ ಕರೂರು, ಬಾರಂಗಿ ಹೋಬಳಿಯವರು ಹೋಬಳಿಯ ಹೆಸರನ್ನು ಬಿಡಲೇಬಾರದು. ಶರಾವತಿ ಹಿನ್ನೀರಿನ ಆಚೆಗೋ ಈಚೆಗೋ ಅನ್ನುವುದರ ಮೇಲೆ ಗಾಡಿ ಎಲ್ಲಿಂದ ಹೊರಡಬೇಕು ಅನ್ನುವುದೇ ಬದಲಾಗುತ್ತದೆ. ತುಮರಿ ಕಡೆಗೆ 2025ರ ಜುಲೈಯಿಂದ ಸೇತುವೆ ಇದೆ. ಹಳೆಯ ಲೆಕ್ಕದಲ್ಲಿ ‘ಲಾಂಚ್ ಇಲ್ಲ, ಬರಲು ಆಗುವುದಿಲ್ಲ’ ಎಂದು ನೀವೇ ಹೇಳಿಬಿಡಬೇಡಿ. ‘ಸೇತುವೆ ಮೇಲೆ ಬನ್ನಿ’ ಎಂದು ಹೇಳಿ.

ಕರೆಯ ಮೊದಲ ಅರ್ಧ ನಿಮಿಷ ಹೀಗಿರಲಿ:

‘ಶಿವಮೊಗ್ಗ ಜಿಲ್ಲೆ, ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಹೋಬಳಿ. ಊರಿನ ಹೆಸರು ಇಂಥದ್ದು. ಅಮ್ಮನಿಗೆ ಹಾವು ಕಚ್ಚಿದೆ, ಕಾಲಿಗೆ, ಈಗ ಹತ್ತು ನಿಮಿಷ ಆಯಿತು. ವಯಸ್ಸು ಐವತ್ತೈದು. ಮಾತಾಡುತ್ತಿದ್ದಾರೆ. ಟಾರು ರಸ್ತೆಯಿಂದ ಮನೆಗೆ ಒಂದು ಕಿಲೋಮೀಟರ್ ಮಣ್ಣು ದಾರಿ, ಜೀಪು ಬರುತ್ತದೆ, ದೊಡ್ಡ ಗಾಡಿ ಬರುವುದಿಲ್ಲ. ನನ್ನ ನಂಬರ್ ಇದೇ.’

ಇದರಲ್ಲಿ ಅಳು ಇಲ್ಲ, ಕಥೆ ಇಲ್ಲ, ಬೇಕಾದ್ದೆಲ್ಲ ಇದೆ. ಮೊದಲು ಜಾಗ ಹೇಳುವುದಕ್ಕೆ ಒಂದು ಕಾರಣ ಉಂಟು. ನಡುವೆ ಸಿಗ್ನಲ್ ಹೋದರೂ ಎಲ್ಲಿಗೆ ಗಾಡಿ ಕಳಿಸಬೇಕು ಅನ್ನುವುದು ಅವರ ಕೈಯಲ್ಲಿ ಇರುತ್ತದೆ. ಬಹಳ ಜನ ಮೊದಲು ಆದದ್ದನ್ನೆಲ್ಲ ಹೇಳಿ, ಊರಿನ ಹೆಸರಿಗೆ ಬರುವ ಹೊತ್ತಿಗೆ ಕರೆ ಕಟ್ ಆಗಿರುತ್ತದೆ.

ದಾರಿಯಲ್ಲಿ ಅಪಘಾತವಾದರೆ ಊರಿನ ಹೆಸರು ಗೊತ್ತಿರುವುದಿಲ್ಲ. ಆಗ ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಬಣ್ಣ, ಕಲ್ಲಿನ ಮೇಲಿರುವ ಊರಿನ ಹೆಸರು, ಕಿಲೋಮೀಟರ್, ಮೂರನ್ನೂ ಹೇಳಿ. ಯಾವ ಊರಿನಿಂದ ಯಾವ ಊರಿಗೆ ಹೋಗುತ್ತಿದ್ದಿರಿ ಅನ್ನುವುದನ್ನೂ ಸೇರಿಸಿ.

ಸ್ಮಾರ್ಟ್‌ಫೋನ್ ಇದ್ದರೆ ಇನ್ನೊಂದು ದಾರಿ ಇದೆ. ಜಿಪಿಎಸ್ ಕೆಲಸ ಮಾಡಲು ಇಂಟರ್ನೆಟ್ ಬೇಕಿಲ್ಲ, ಆಕಾಶ ಕಂಡರೆ ಸಾಕು. ಮ್ಯಾಪ್‌ನಲ್ಲಿ ನೀವಿರುವ ನೀಲಿ ಚುಕ್ಕೆಯನ್ನು ಒತ್ತಿ ಹಿಡಿದರೆ ಎರಡು ಅಂಕಿ (ಅಕ್ಷಾಂಶ, ರೇಖಾಂಶ) ಬರುತ್ತವೆ. ಶಿವಮೊಗ್ಗ ಜಿಲ್ಲೆಯ ಬಹುಪಾಲು ಕಡೆ ಮೊದಲನೆಯದು 13 ಅಥವಾ 14ರಿಂದ, ಎರಡನೆಯದು 74 ಅಥವಾ 75ರಿಂದ ಶುರುವಾಗಬೇಕು. ಬೇರೆ ಏನಾದರೂ ಬಂದರೆ ಓದುವುದು ತಪ್ಪಿದೆ. ಮನೆಯ ಅಂಗಳದಲ್ಲಿ ನಿಂತು ಇವತ್ತೇ ಆ ಅಂಕಿಗಳನ್ನು ಬರೆದಿಟ್ಟುಕೊಂಡರೆ ಬೇಕಾದಾಗ ಓದಿ ಹೇಳಬಹುದು. ದಟ್ಟ ತೋಟದ ಕೆಳಗೆ ಚುಕ್ಕೆ ಅತ್ತಿತ್ತ ಓಡಾಡುತ್ತದೆ, ತೆರೆದ ಜಾಗದಲ್ಲಿ ಒಂದೆರಡು ನಿಮಿಷ ನಿಂತು ನೋಡಿ.

ಹಂತ 6: ಫೋನ್ ಇಟ್ಟ ಮೇಲೆ

ಅವರು ‘ಸರಿ, ಇಡಿ’ ಎನ್ನುವ ತನಕ ನೀವು ಇಡಬೇಡಿ. ಇಟ್ಟ ಮೇಲೆ ಆ ಫೋನಿನಿಂದ ನೆಂಟರಿಗೆಲ್ಲ ಸುದ್ದಿ ಹೇಳಲು ಹೋಗಬೇಡಿ. ನಿಮ್ಮ ಕರೆ ತೆಗೆದುಕೊಂಡವರು ಬೇರೆ, ಗಾಡಿ ಓಡಿಸುವವರು ಬೇರೆ. ಗಾಡಿಯವರು ದಾರಿ ಕೇಳಲು ವಾಪಸ್ ಕರೆ ಮಾಡುತ್ತಾರೆ. ಆಗ ಫೋನ್ ಬ್ಯುಸಿ ಬಂದರೆ ಅವರು ಕವಲು ದಾರಿಯಲ್ಲಿ ನಿಂತುಬಿಡುತ್ತಾರೆ. ಗುರುತಿಲ್ಲದ ನಂಬರ್ ಅಂತ ಕಟ್ ಮಾಡುವುದೂ ಇದೇ ಹೊತ್ತಿನಲ್ಲಿ ಆಗುವ ತಪ್ಪು. ಸಿಗ್ನಲ್ ಸಿಗುವ ಜಾಗದಲ್ಲೇ ಒಬ್ಬರು ಫೋನ್ ಹಿಡಿದು ನಿಲ್ಲಿ.

ಇನ್ನೊಬ್ಬರು ಟಾರು ರಸ್ತೆಯ ಕೂಡಿನಲ್ಲಿ ಟಾರ್ಚ್ ಹಿಡಿದು ನಿಲ್ಲಬೇಕು. ದಾರಿಗೆ ಅಡ್ಡ ಇರುವ ಉಣುಗೋಲು ತೆಗೆದಿಡಿ, ನಾಯಿ ಕಟ್ಟಿ, ಅಂಗಳದ ದೀಪ ಹಾಕಿ.

ಮಲೆನಾಡಿನಲ್ಲಿ ಎಲ್ಲರೂ ಮಾಡುವ ಒಂದು ಕೆಲಸ ಎಂದರೆ ಜೀಪಿನಲ್ಲೋ ಆಟೋದಲ್ಲೋ ರೋಗಿಯನ್ನು ಹಾಕಿಕೊಂಡು ಆಂಬುಲೆನ್ಸಿಗೆ ಎದುರು ಹೋಗುವುದು. ಇದು ಒಳ್ಳೆಯದೇ, ಸಮಯ ಉಳಿಯುತ್ತದೆ. ಆದರೆ 108ಕ್ಕೆ ಹೇಳದೆ ಹೊರಟರೆ ಕೆಲಸ ಕೆಡುತ್ತದೆ. ಎರಡು ದಾರಿ ಇರುವ ಕಡೆ ನೀವು ಒಂದರಲ್ಲಿ, ಅವರು ಇನ್ನೊಂದರಲ್ಲಿ ಹೋಗಿಬಿಡುತ್ತೀರಿ. ಹೊರಡುವ ಮೊದಲು ಮತ್ತೆ ಕರೆ ಮಾಡಿ ಮೂರು ಮಾತು ಹೇಳಿ: ಯಾವ ಗಾಡಿ, ಯಾವ ದಾರಿ, ಎಲ್ಲಿ ಕೂಡುವುದು. ಕೂಡುವ ಜಾಗ ಸಿಗ್ನಲ್ ಇರುವ ಕಡೆಯೇ ಇರಲಿ.

ಹಾವು ಕಚ್ಚಿದ್ದರೆ ಕಾಯುವ ಹೊತ್ತಿನಲ್ಲಿ ಕಡಿದ ಜಾಗ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಹಾವನ್ನು ಹುಡುಕಿ ಹೊಡೆಯಲು ಹೋಗುವುದು, ಯಾವುದೂ ಬೇಡ. ಉಂಗುರ, ಕಾಲ್ಗೆಜ್ಜೆ ತೆಗೆಯಿರಿ, ಆ ಕೈಯನ್ನೋ ಕಾಲನ್ನೋ ಅಲುಗಿಸದೆ ಇರಿಸಿ.

ಕೆಡುತ್ತಿದೆ ಅನ್ನುವ ಸೂಚನೆಗಳು ಇವು: ಗಾಡಿಯಿಂದ ಒಂದೂ ಕರೆ ಬರದೆ ಹತ್ತು ಹದಿನೈದು ನಿಮಿಷ ಕಳೆಯುವುದು, ಕರೆ ತೆಗೆದುಕೊಂಡವರು ಬೇರೆ ತಾಲ್ಲೂಕಿನ ಹೆಸರು ಹೇಳಿದ್ದು, ‘ಊರು ಸಿಗುತ್ತಿಲ್ಲ’ ಎಂದದ್ದು. ಇವುಗಳಲ್ಲಿ ಒಂದು ಕಂಡರೂ ಮತ್ತೆ ಕರೆ ಮಾಡಿ. ‘ಆಗಲೇ ಹೇಳಿದ್ದೇನೆ’ ಎಂದು ಸಿಟ್ಟು ಮಾಡದೆ ಜಿಲ್ಲೆಯಿಂದ ಶುರು ಮಾಡಿ ಪೂರ್ತಿ ಇನ್ನೊಮ್ಮೆ ಹೇಳಿ.

ಹಂತ 7: ಕರೆಂಟ್ ಮತ್ತು ಗ್ಯಾಸ್

ಬರೀ ಕರೆಂಟ್ ಹೋಗಿದ್ದರೆ ಆರ್‌ಆರ್ ನಂಬರ್ ಬೇಕು. ಅದು ಬಿಲ್ಲಿನಲ್ಲಿ ಇರುತ್ತದೆ. ಬಿಲ್ಲಿನ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ನಿಮ್ಮ ಮನೆಗೆ ಮಾತ್ರವಾ, ಇಡೀ ಊರಿಗಾ ಅನ್ನುವುದನ್ನು ಪಕ್ಕದ ಮನೆಗೆ ಕೇಳಿ ಆಮೇಲೆ ಕರೆ ಮಾಡಿ. ಅವರು ಕೇಳುವ ಮೊದಲ ಪ್ರಶ್ನೆ ಅದೇ. ದೂರಿನ ನಂಬರ್ ಕೊಡುತ್ತಾರೆ, ಬರೆದುಕೊಳ್ಳಿ. ಮಾರನೇ ದಿನ ಮತ್ತೆ ಕೇಳುವಾಗ ಅದು ಇಲ್ಲದಿದ್ದರೆ ಹೊಸ ದೂರು ಎಂದೇ ಲೆಕ್ಕ. ದಿನಗಟ್ಟಲೆ ಆಗದಿದ್ದರೆ ಅದೇ ದೂರಿನ ನಂಬರ್ ಹಿಡಿದು 1902ಕ್ಕೆ ಹೋಗಬಹುದು.

ತಂತಿ ಹರಿದು ಬಿದ್ದಿದ್ದರೆ ಕ್ರಮ ಬೇರೆ. ಕರೆಂಟ್ ಹೋಗಿದೆ ಅನ್ನಿಸಿದರೂ ತಂತಿಯ ಹತ್ತಿರ ಹೋಗಬೇಡಿ. ಒದ್ದೆ ನೆಲ, ಬೇಲಿಯ ತಂತಿ, ಗದ್ದೆಯ ನೀರು, ಎಲ್ಲದರಿಂದಲೂ ದೂರ ನಿಲ್ಲಿ, ದನಗಳನ್ನು ಆ ಕಡೆ ಬಿಡಬೇಡಿ. ‘ತಂತಿ ನೆಲಕ್ಕೆ ಬಿದ್ದಿದೆ, ಲೈನ್ ಆಫ್ ಮಾಡಿ’ ಇದು ಮೊದಲ ಮಾತು, ಆರ್‌ಆರ್ ನಂಬರ್ ಆಮೇಲೆ. ಹತ್ತಿರದ ಟ್ರಾನ್ಸ್‌ಫಾರ್ಮರ್ ಅಥವಾ ಕಂಬದ ಮೇಲೆ ನಂಬರ್ ಬರೆದಿದ್ದು, ದೂರದಿಂದಲೇ ಕಾಣಿಸಿದರೆ ಅದನ್ನು ಹೇಳಿ. ಯಾರಿಗಾದರೂ ತಗುಲಿದ್ದರೆ 112.

ಗ್ಯಾಸ್ ಸೋರಿದಾಗ ಅಡುಗೆಮನೆಯಲ್ಲೇ ನಿಂತು 1906 ಒತ್ತುವುದು ತೀರಾ ಅಪಾಯ. ರೆಗ್ಯುಲೇಟರ್ ಮುಚ್ಚಿ, ಒಲೆ, ಎಣ್ಣೆ ದೀಪ ಎಲ್ಲ ಆರಿಸಿ, ಬಾಗಿಲು ಕಿಟಕಿ ತೆರೆದು, ಸ್ವಿಚ್ ಮುಟ್ಟದೆ ಹೊರಗೆ ಬಂದು, ಅಂಗಳದ ಆಚೆ ನಿಂತು ಕರೆ ಮಾಡಿ.

ಹಂತ 8: 1930, ಮತ್ತು ನಕಲಿ ಸಹಾಯವಾಣಿಗಳು

ಖಾತೆಯಿಂದ ಹಣ ಹೋದದ್ದು ತಿಳಿದ ಕೂಡಲೇ 1930. ಬ್ಯಾಂಕ್ ತೆರೆಯಲಿ, ಮಗ ಬರಲಿ ಎಂದು ಕಾಯಬೇಡಿ. ಕದ್ದವರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾ ಹೋಗುತ್ತಾರೆ. ಅದು ತೆಗೆದುಹೋಗುವ ಮೊದಲು ಸುದ್ದಿ ತಲುಪಿದರೆ ತಡೆಹಿಡಿಯಲು ಆಗುತ್ತದೆ. ಮೊತ್ತ, ದಿನ, ಸಮಯ, ನಿಮ್ಮ ಖಾತೆಯ ನಂಬರ್, ಹಣ ಹೋದ ಮೆಸೇಜಿನಲ್ಲಿರುವ ವ್ಯವಹಾರದ ನಂಬರ್, ಮೋಸಗಾರರ ಫೋನ್ ನಂಬರ್ ಇವನ್ನು ಎದುರಿಗೆ ಇಟ್ಟುಕೊಂಡು ಕರೆ ಮಾಡಿ. ಆ ಮೆಸೇಜನ್ನು ಅಳಿಸಬೇಡಿ. ಲೈನ್ ಬ್ಯುಸಿ ಬಂದರೆ ಬಿಡದೆ ಒತ್ತುತ್ತಿರಿ, ಜೊತೆಗೆ ಇನ್ನೊಬ್ಬರು ಬ್ಯಾಂಕಿಗೆ ತಿಳಿಸಲಿ.

ಅಡಿಕೆ ಮಾರಿದ ಹಣ ಖಾತೆಯಲ್ಲಿರುವ ಕಾಲದಲ್ಲಿ ಇನ್ನೊಂದು ಮೋಸ ನಡೆಯುತ್ತದೆ. ಯಾವುದೋ ಸೇವೆಯ ‘ಕಸ್ಟಮರ್ ಕೇರ್’ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕುತ್ತೀರಿ, ಮೇಲೆ ಕಾಣುವ ಹತ್ತು ಅಂಕಿಯ ಮೊಬೈಲ್ ನಂಬರಿಗೆ ಮಾಡುತ್ತೀರಿ, ಆ ಕಡೆ ಮೋಸಗಾರ ಕೂತಿರುತ್ತಾನೆ. ಮಾತು ಶುರುವಾದ ಮೇಲೂ ಗುರುತಿಸಬಹುದು. ಒಟಿಪಿ ಅಥವಾ ಪಿನ್ ಕೇಳಿದರೆ, ಆ್ಯಪ್ ಹಾಕಿಕೊಳ್ಳಿ ಎಂದರೆ, ‘ಒಂದು ರೂಪಾಯಿ ಕಳಿಸಿ ನೋಂದಣಿ ಮಾಡಿ’ ಎಂದರೆ ಆ ಕ್ಷಣವೇ ಇಟ್ಟುಬಿಡಿ. ನಿಜವಾದ ಸಹಾಯವಾಣಿ ಇದನ್ನು ಕೇಳುವುದಿಲ್ಲ.

ನಕ್ಷತ್ರದ ಗುರುತಿನಿಂದ ಶುರುವಾಗುವ ನಂಬರ್ ಒತ್ತಿಸುವುದು ಇನ್ನೂ ಕೆಟ್ಟದ್ದು. ‘ಪಾರ್ಸೆಲ್ ಬಂದಿದೆ, *401* ಒತ್ತಿ ಈ ನಂಬರ್ ಸೇರಿಸಿ’ ಅಥವಾ ‘*21* ಒತ್ತಿ’ ಎನ್ನುತ್ತಾರೆ. ಒತ್ತಿದರೆ ನಿಮಗೆ ಬರುವ ಕರೆಗಳೆಲ್ಲ ಅವರ ಫೋನಿಗೆ ತಿರುಗುತ್ತವೆ, ಒಟಿಪಿ ಹೇಳುವ ಕರೆಯೂ ಅವರಿಗೇ ಹೋಗುತ್ತದೆ. ಇದ್ದಕ್ಕಿದ್ದ ಹಾಗೆ ನಿಮಗೆ ಕರೆಗಳೇ ಬರುತ್ತಿಲ್ಲ ಅನ್ನಿಸಿದರೆ *#21# ಒತ್ತಿ ನೋಡಿ, ತಿರುಗಿಸಿದ್ದರೆ ಅಲ್ಲಿ ತಿಳಿಯುತ್ತದೆ. ##002# ಒತ್ತಿದರೆ ಎಲ್ಲ ತಿರುವೂ ರದ್ದಾಗುತ್ತದೆ. ಆಮೇಲೆ 198ಕ್ಕೂ ಒಮ್ಮೆ ಹೇಳಿ ಖಚಿತ ಮಾಡಿಕೊಳ್ಳಿ.

ಹಂತ 9: ಗೋಡೆಯ ಹಾಳೆ

ಈಗ ಮಾರ್ಕರ್ ಪೆನ್ ತೆಗೆಯಿರಿ. ಹಾಳೆಯ ಮೇಲ್ಭಾಗದಲ್ಲಿ 112 ಮತ್ತು 108 ಎರಡನ್ನೇ ಅಂಗೈ ಅಗಲಕ್ಕೆ ಬರೆಯಿರಿ. ಅದರ ಕೆಳಗೆ ನಿಮ್ಮ ಜಾಗವನ್ನು 5ನೇ ಹಂತದ ಕ್ರಮದಲ್ಲೇ ಬರೆಯಿರಿ, ಜೊತೆಗೆ ಮ್ಯಾಪಿನ ಎರಡು ಅಂಕಿ ಮತ್ತು ಟಾರು ರಸ್ತೆಯಿಂದ ಮನೆಗೆ ಬರುವ ದಾರಿ. ಕೂಲಿಗೆ ಬಂದವರೋ ನೆಂಟರೋ ಕರೆ ಮಾಡಬೇಕಾಗಿ ಬಂದರೆ ಅವರು ಹಾಳೆ ನೋಡಿ ಓದಿದರೆ ಸಾಕು.

ಕೆಳಗಿನ ಅರ್ಧಕ್ಕೆ 1912, ಆರ್‌ಆರ್ ನಂಬರ್, 1077, 1926, 1906. ಅವುಗಳ ಪಕ್ಕದಲ್ಲೇ ಪೂರ್ತಿ ಅಂಕಿಯ ನಂಬರ್‌ಗಳು ಬೇಕು: ಹತ್ತಿರದ ಪೊಲೀಸ್ ಠಾಣೆ, ಮೆಸ್ಕಾಂ ಸೆಕ್ಷನ್ ಆಫೀಸ್, ವಲಯ ಅರಣ್ಯ ಕಚೇರಿ, ತಾಲ್ಲೂಕು ಆಸ್ಪತ್ರೆ, ಊರಿನ ಜೀಪಿನವರು. ಲ್ಯಾಂಡ್‌ಲೈನ್ ನಂಬರ್‌ಗಳನ್ನು ಎಸ್‌ಟಿಡಿ ಕೋಡ್ ಸಮೇತ ಬರೆಯಿರಿ. ಶಿವಮೊಗ್ಗ 08182, ತೀರ್ಥಹಳ್ಳಿ 08181, ಸಾಗರ 08183, ಸೊರಬ 08184, ಹೊಸನಗರ 08185, ಶಿಕಾರಿಪುರ 08187, ಭದ್ರಾವತಿ 08282. ಕೋಡ್ ಇಲ್ಲದೆ ಬರೆದ ನಂಬರ್ ಮೊಬೈಲಿನಿಂದ ಹೋಗುವುದಿಲ್ಲ. ಕಚೇರಿಗೆ ಖುದ್ದಾಗಿ ಹೋದಾಗ ಕೇಳಿ ಬರೆದುಕೊಂಡದ್ದೇ ನಂಬಿಕೆಗೆ ಯೋಗ್ಯ, ಯಾರೋ ಗ್ರೂಪಿನಲ್ಲಿ ಕಳಿಸಿದ ಪಟ್ಟಿಯಲ್ಲ.

ಹಾಳೆಯ ಒಂದು ಪ್ರತಿಯನ್ನು ಕೊಟ್ಟಿಗೆಯಲ್ಲೋ ಅಡಿಕೆ ಸುಲಿಯುವ ಜಾಗದಲ್ಲೋ ಹಾಕಿ. ಫೋಟೋ ತೆಗೆದು ಹೊರಗಿನ ಊರಿನಲ್ಲಿರುವ ಮಕ್ಕಳಿಗೂ ಪಕ್ಕದ ಮನೆಯವರಿಗೂ ಕಳಿಸಿ. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಪೂರ್ತಿ ಅಂಕಿಯ ನಂಬರ್‌ಗಳಿಗೆಲ್ಲ ಒಂದೊಂದು ಕರೆ ಮಾಡಿ ನೋಡಿ. ಬದಲಾದದ್ದನ್ನು ಹೊಡೆದು ಹೊಸದನ್ನು ಬರೆಯಿರಿ.